ಆಕಾಶದ ಕವಣೆ

ಒಂದು ಕಪ್ ಚಹಾ ಮುಗಿಯುವಷ್ಟರಲ್ಲಿ ಓದಿಬಿಡಬಹುದು... ಅರ್ಧಕ್ಕೆ ಮಾತ್ರ ಬಿಡಬೇಡಿ.

ಗದಗಿನಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಹೋದ ವರ್ಷ ಬಲಭುಜ ಹಿಡಿದುಕೊಂಡು, ಅಂಗಿ ತೊಡೋಕೂ ಹೆಂಡತಿಯನ್ನು ಕರೆಯುವ ಗತಿ ಬಂತು.

ಬೇರೆ ದಾರಿಯಿಲ್ಲದೆ ದಿನಾ ಫಿಸಿಯೋಥೆರಪಿಗೆ ಹೋಗುತ್ತಿದ್ದೆ...

ಅಲ್ಲಿ ಒಂದು ಕೋಣೆ. ಕಿಟಕಿಗೆ ದಪ್ಪ ಪರದೆ, ಎದುರಿಗೆ ಗೋಡೆ ತುಂಬುವಷ್ಟು ದೊಡ್ಡ ಟಿವಿ. ಟಿವಿಯೊಳಗೆ ಬಾಹ್ಯಾಕಾಶ!

ಕೈ ಸ್ವಾಧೀನ ತಪ್ಪಿದವರಿಗೆ ಅಲ್ಲಿ ವಿಡಿಯೋ ಗೇಮ್ ಆಡಿಸುತ್ತಾರೆ. ಪುಟ್ಟ ಮನುಷ್ಯನೊಬ್ಬ ಒಂದು ಗ್ರಹದಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುತ್ತಾನೆ... ಕೊನೆಯ ಗ್ರಹದಲ್ಲಿ ಬಾಸ್, ಅಂದರೆ ಆಟದ ದೊಡ್ಡ ಶತ್ರು, ಕೂತಿರುತ್ತದೆ. ಗುಡ್ಡದಷ್ಟು ದೊಡ್ಡ ಒಂದು ನೀಲಿ ಹಕ್ಕಿ.

ಬಂದೂಕು ಗಿಂದೂಕು ಏನೂ ಇಲ್ಲ. ನೆಲದ ಮೇಲೆ ಹೊಳೆಯುವ ಕವಣೆಯೊಂದು ಬಿದ್ದಿರುತ್ತದೆ, ಅಷ್ಟೇ.

ಮಣಿಕಟ್ಟಿಗೆ ಕಟ್ಟಿದ ರಿಮೋಟ್ ಬೀಸಿದರೆ ಕವಣೆ ತಿರುಗುತ್ತದೆ, ಉಲ್ಕೆಯ ಕಲ್ಲು ಹಾರುತ್ತದೆ. ಹಕ್ಕಿಗೆ ತಗುಲಿದರೆ ಪಾಯಿಂಟ್.

ನನಗಿಂತ ಮುಂಚೆ ಬಾಳವ್ವನ ಸರದಿ. ಎಪ್ಪತ್ತು ದಾಟಿದ ಮುದುಕಿ... ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು.

ಮಗಳು ಸುರೇಖಾ ದಿನಾ ಕರೆತರುತ್ತಿದ್ದಳು. ಮಧ್ಯಾಹ್ನ ಅಲ್ಲೇ ಡಬ್ಬಿ ಬಿಚ್ಚಿ, ತುತ್ತು ಮಾಡಿ ಅವ್ವನಿಗೆ ಉಣಿಸುತ್ತಿದ್ದಳು.

ತನ್ನ ಊಟ ತನ್ನ ಕೈಯಿಂದ ಉಣ್ಣಬೇಕು... ಬಾಳವ್ವನಿಗಿದ್ದದ್ದು ಅದೊಂದೇ ಆಸೆ.

ನಾನು ಭುಜದ ಮೇಲೆ ಬಿಸಿ ಪ್ಯಾಕ್ ಇಟ್ಟುಕೊಂಡು ಮೂಲೆಯಲ್ಲಿ ಒರಗಿರುತ್ತಿದ್ದೆ. ಕಣ್ಣಿಗೆ ಮಂಪರು... ಗ್ರಹಗಳು ಶೇಂಗಾ ಉಂಡೆಗಳ ಹಾಗೆ ತೇಲುತ್ತಿದ್ದವು. ಬಾಳವ್ವನ ಇಳಕಲ್ ಸೀರೆಯ ಮೇಲೆಲ್ಲ ನೀಲಿ ಬೆಳಕು ಹರಿದಾಡುತ್ತಿತ್ತು. ಅಂಗಡಿ, ಗಿರಾಕಿ, ಭುಜದ ನೋವು... ಎಲ್ಲ ಮರೆತೇಹೋಗುತ್ತಿತ್ತು.

ಆಕೆ ಆ ಬಲಗೈಯಿಂದಲೇ ಬೀಸಿದ ಕಲ್ಲು ಹಕ್ಕಿಯ ಬಲರೆಕ್ಕೆಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಇನ್ನೊಂದು ಎಡರೆಕ್ಕೆಯ ಪಕ್ಕ... ಮತ್ತೊಂದು ನೆತ್ತಿಯ ಮೇಲಿಂದ...

ಹಕ್ಕಿ ಕಿರುಚಿಕೊಂಡು ಒಂದು ಸುತ್ತು ಹಾರಿ, ಮತ್ತೆ ಬಂದು ಕೂರುತ್ತಿತ್ತು. ಪಾಯಿಂಟ್ ಸೊನ್ನೆ!

ಆದರೂ ಬಾಳವ್ವನ ಮುಖದಲ್ಲಿ ನಗು. "ಏನ್ ಮುದುಕೀನಪ್ಪಾ ಇದು, ಸೋತ್ರೂ ಖುಷಿ!" ಅಂದುಕೊಳ್ಳುತ್ತಿದ್ದೆ ನಾನು.

ಒಂದು ದಿನ ಥೆರಪಿಸ್ಟ್ ರುಬೀನಾ ಮೇಡಂ ಸುರೇಖಾಳನ್ನು ಬಾಗಿಲ ಹತ್ತಿರ ಕರೆದರು.

"ಕೈಯಾಗ ಶಕ್ತಿ ಬಂದೈತಿ ಅಕ್ಕಾರ... ಗುರಿ ಬರವಲ್ದು. ಗುರಿ ಇಲ್ದ ತುತ್ತು ಬಾಯಿಗೆ ಹೋಗೂದಿಲ್ಲ. ನಾಳೆಯಿಂದ ಬಲಗೈ ಬಿಟ್ಟು, ಎಡಗೈಲೆ ಉಣ್ಣೂದು ಕಲಸೂಣು."

ಎಡಗೈಯಲ್ಲಿ ಊಟ! ಎಡಗೈ ತಾಟಿಗೆ ಚಾಚಿದರೂ ಬೈಸಿಕೊಂಡು ಬೆಳೆದವರು ನಾವು. ಸುರೇಖಾ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

ಬಾಳವ್ವನ ಕಿವಿ ಬಲು ಚುರುಕು.

"ಎಡಗೈಲೆ ಉಣ್ಣೂದಕ್ಕಿಂತ ಉಪಾಸ ಇರ್ತೀನಿ ನಾ! ನನ್ನ ಗುರಿಗೇನಾಗೈತಿ ಯವ್ವಾ?"

ರುಬೀನಾ ಮೇಡಂ ಆಕೆಯ ಹತ್ತಿರ ಕೂತು ಮೆಲ್ಲಗೆ ಕೇಳಿದರು, "ಇಷ್ಟು ದಿನದಾಗ ಒಂದ್ ಕಲ್ಲರ ಹಕ್ಕಿಗೆ ಬಿದ್ದೈತೇನು ಅಜ್ಜಿ?"

ಬಾಳವ್ವ ಕಣ್ಣರಳಿಸಿದಳು...

"ಅಯ್ಯ ಶಿವನ! ಹಕ್ಕಿಗೆ ಹೊಡೀಬೇಕಿತ್ತೇನು?"

ಆಕೆ ಟಿವಿಯ ಕಡೆ ಗದ್ದ ಎತ್ತಿ ತೋರಿಸಿದಳು.

"ಜ್ವಾಳದ ಹೊಲದಾಗ ಅಟ್ಟದ ಮ್ಯಾಲೆ ನಿಂತು ಹಕ್ಕಿ ಕಾಯ್ದಾಕಿ ನಾನು. ಕವಣಿ ಬೀಸೂದು ಓಡ್ಸಾಕ, ಕೊಲ್ಲಾಕಲ್ಲ. ಕಲ್ಲು ರೆಕ್ಕಿ ಬಾಜೂಕ ಹೋಗಬೇಕು, ರೆಕ್ಕಿಗೆ ಬಡೀಬಾರ್ದು ಅಂತಿದ್ದ ನಮ್ಮಪ್ಪ. ಪಾಪ... ಅದೂ ಹೊಟ್ಟಿ ಹಸದು ಬಂದದ್ದು."

ನಾನು ನೆಟ್ಟಗೆ ಎದ್ದು ಕೂತೆ. ಮಂಪರೆಲ್ಲ ಹಾರಿಹೋಯಿತು... ಅಷ್ಟು ಹತ್ತಿರ ಹೋಗಿ ಒಂದೇ ಒಂದು ಸಲವೂ ತಗುಲಿಲ್ಲ ಅಂದರೆ, ಅದು ಗುರಿ ತಪ್ಪಿದ್ದಲ್ಲ!

ರುಬೀನಾ ಮೇಡಂ ಎದ್ದು ಮತ್ತೆ ಗೇಮ್ ಹಾಕಿದರು.

"ಅಜ್ಜಿ, ಹಕ್ಕಿ ಬಿಡ್ರಿ... ಅದರ ಬಾಜೂಕ ಸಣ್ಣ ಚುಕ್ಕಿ ಕಾಣ್ತೈತಲ್ರಿ? ಅದಕ್ಕ ಬೀಸ್ರಿ."

ಕವಣೆ ತಿರುಗಿತು... ಚುಕ್ಕಿ ಒಡೆದು ಬೆಳಕು ಚೆಲ್ಲಿತು.

ಇನ್ನೊಂದು ಚುಕ್ಕಿ... ಮತ್ತೊಂದು... ಆಕಾಶದ ತುಂಬ ಬೆಳಕಿನ ಪುಡಿ ಉದುರುತ್ತಿತ್ತು. ನಡುವೆ ಆ ನೀಲಿ ಹಕ್ಕಿ ಆರಾಮಾಗಿ ಕೂತಿತ್ತು.

"ನಾ ಮೊದಲ ಕೇಳಬೇಕಿತ್ತು ಅಜ್ಜಿ..." ರುಬೀನಾ ಮೇಡಂ ಆಕೆಯ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಊಟದ ಹೊತ್ತಾಯಿತು. ಸುರೇಖಾ ಎಂದಿನಂತೆ ರೊಟ್ಟಿ ಮುರಿದು ಅವ್ವನ ಬಾಯಿಯ ಹತ್ತಿರ ತಂದಳು.

"ತಾಟು ಇಲ್ಲಿಡು" ಅಂದಳು ಬಾಳವ್ವ.

ನಡುಗುವ ಬಲಗೈಯಿಂದ ರೊಟ್ಟಿ ಮುರಿದಳು, ಪಲ್ಯ ಹಚ್ಚಿಕೊಂಡಳು. ಕೈ ನಿಧಾನಕ್ಕೆ ಮೇಲೆದ್ದಿತು... ಅರ್ಧ ಪಲ್ಯ ಸೀರೆಯ ಮೇಲೆ ಬಿತ್ತು. ನಾವೆಲ್ಲ ಆ ಕೈಯನ್ನೇ ನೋಡುತ್ತಿದ್ದೆವು.

ಕೈ ಆಕೆಯ ಬಾಯಿಯ ಹತ್ತಿರ ಬಂತು... ಅಲ್ಲಿ ನಿಲ್ಲದೆ, ಮಗಳ ಬಾಯಿಗೆ ಹೋಯಿತು.

"ನನಗ ಉಣಿಸಿ ಉಣಿಸಿ, ನೀ ದಿನಾ ಆರಿದ್ದು ಉಂಡಿ... ಇವತ್ತು ಮೊದಲ ನೀ ತಿನ್ನು ನನ್ನವ್ವಾ."

ಸುರೇಖಾ ತುತ್ತು ನುಂಗಲಾರದೆ ಅವ್ವನ ಮಡಿಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಎರಡನೇ ತುತ್ತನ್ನು ಬಾಳವ್ವ ತಾನೇ ಉಂಡಳು... ತನ್ನ ಕೈಯಿಂದ.

✦

ಒಬ್ಬರ ಗುರಿ ತಪ್ಪಿತು ಅನ್ನುವ ಮೊದಲು, ಅವರು ಗುರಿಯಿಟ್ಟದ್ದು ಯಾವುದಕ್ಕೆ ಅಂತ ಒಮ್ಮೆ ಕೇಳಿ.

ನಿಮ್ಮ ಮನೆಯಲ್ಲೂ "ಇವರಿಂದ ಏನೂ ಆಗಲ್ಲ" ಅಂತ ನೀವು ಕೈಬಿಟ್ಟವರು ಒಬ್ಬರಿರಬಹುದು... ಅವರನ್ನು ಕೇಳಿ ನೋಡಿದ್ದೀರಾ?