ಪಕ್ಕದ ಮಾಮೂಲಿ ಮನೆ

ಕಲಬುರಗಿಯಲ್ಲಿ ಹಸಿರು ಕಟ್ಟಡ ಕಟ್ಟಿದವರು ಪಕ್ಕದಲ್ಲೇ ಅಷ್ಟೇ ದೊಡ್ಡ ಮಾಮೂಲಿ ಕಟ್ಟಡವನ್ನೂ ಕಟ್ಟಿ, ಅದರಲ್ಲಿ ಜನರನ್ನು ಇರಿಸಬೇಕು. ಮಾಮೂಲಿಗಿಂತ ಎಷ್ಟು ಕಡಿಮೆ ಕರೆಂಟ್ ಉರಿಯಿತೋ, ಹಸಿರು ಕಟ್ಟಡಕ್ಕೆ ಅಷ್ಟು ಸ್ಟಾರ್. ನೀಲಗಂಗವ್ವ ಅಂಥ ಮಾಮೂಲಿ ಮನೆಯೊಂದರಲ್ಲಿ ಪುಟ್ಟ ಮೊಮ್ಮಗಳೊಂದಿಗೆ ಬಾಡಿಗೆಯಿಲ್ಲದೆ ಇದ್ದಳು. ಮೇ ತಿಂಗಳ ಮಧ್ಯಾಹ್ನ ಮೀಟರ್ ನೋಡಲು ಬಂದ ಫಕೀರಪ್ಪ, ಕಿಟಕಿಗೆ ಕಟ್ಟಿದ್ದ ಒದ್ದೆ ಲಾವಂಚದ ತಟ್ಟಿ ಕಂಡು ತಲೆ ಚಚ್ಚಿಕೊಂಡ.

"ಯವ್ವಾ, ನಿಮ್ ಮನಿ ಹಿಂಗ ತಂಪಾದ್ರ ಬಾಜೂಕಿನ ಹಸಿರು ಕಟ್ಟಡಕ್ಕ ಸ್ಟಾರ್ ಸಿಗಂಗಿಲ್ಲ. ತಟ್ಟಿ ತಗದು ಎ.ಸಿ. ಹಚ್ಚರಿ."

"ಎ.ಸಿ. ಗಾಳಿ ಕೂಸಿಗೆ ಆಗಿಬರಂಗಿಲ್ಲಪಾ. ಆ ಹಸಿರು ಕಟ್ಟಡದಾಗ ಯಾರ ಇರ್ತಾರ?"

"ಖಾಲಿನೇ ಅದರಿ, ಬರೇ ಎ.ಸಿ. ಓಡ್ತದ. ಸ್ಟಾರ್ ಬಂದ ಮ್ಯಾಲೆ ಜನ ಬರ್ತಾರ."

ಬಾಡಿಗೆಯಿಲ್ಲದ ಮನೆ ಕೈತಪ್ಪೀತೆಂದು ನೀಲಗಂಗವ್ವ ತಟ್ಟಿ ಬಿಚ್ಚಿ, ಎ.ಸಿ. ಹಚ್ಚಿದಳು. ಆಮೇಲೆ ಆ ಉರಿಬಿಸಿಲಿನ ಮಧ್ಯಾಹ್ನ ಪೆಟ್ಟಿಗೆ ತೆಗೆದು, ಮೊಮ್ಮಗಳಿಗೆ ಕಂಬಳಿ ಹೊದಿಸಿದಳು.