ಬದಲಿ ಕಾರು

ಹಿಂದಿನ ಸೀಟನ್ನು ಎತ್ತಿ ಧೂಳು ಹೊಡೆಯುತ್ತಿದ್ದಾಗ ಅವಳ ಕೈಗೆ ಏನೋ ತಗುಲಿತು. ಸ್ಪ್ರಿಂಗಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಎಳೆದಳು. ಪುಟ್ಟ ಕೆಂಪು ಬೂಟು. ಅಂಗೈಯಷ್ಟೂ ಇಲ್ಲ.

"ಏನಕ್ಕಾ, ನಿಧಿ ಸಿಕ್ತಾ?" ಬಾನೆಟ್ಟಿನ ಆಚೆಯಿಂದ ಮೆಕ್ಯಾನಿಕ್ ಕೇಳಿದ.

"ಇಲಿ ಗೂಡು." ಬೂಟು ಕೋಟಿನ ಜೇಬು ಸೇರಿತು.

"ಇಲಿಯೇ ಆಗಿರ್ಲಿ ದೇವ್ರೇ. ಆ ಕಾರಿಂದ ಬೇರೇನಾದ್ರೂ ಬಂದ್ರೆ ನಾನು ನಾಳೆಯಿಂದ ಸೈಕಲ್ ರಿಪೇರಿಗೆ ಹೋಗ್ತೀನಿ."

ಅವನ ಭಯಕ್ಕೆ ಕಾರಣವಿತ್ತು. ವಸ್ತುಸಂಗ್ರಹಾಲಯದಲ್ಲಿದ್ದ ರಾಜಪ್ರವಾಸದ ಕಾರುಗಳು ಎರಡು. ಒಂದೇ ಬಣ್ಣ, ಒಂದೇ ಅಚ್ಚು. ಮುಂದಿನದರಲ್ಲಿ ರಾಜರು. ಅದು ಕೆಟ್ಟರೆ ಇರಲಿ ಎಂದು ಹಿಂದೆ ಖಾಲಿ ಬರುತ್ತಿದ್ದದ್ದು ಈ ಬದಲಿ ಕಾರು. ಊರೂರಿನಲ್ಲೂ ಮೆರವಣಿಗೆ ಹೊರಡುವ ಮುನ್ನ ಇದರ ಬಾಗಿಲು ತೆರೆದು ಧೂಳು ಹೊಡೆದು, ಕಿಟಕಿಗೂ ಚಾಲಕನ ಹಿಂದಿನ ಗಾಜಿನ ತಡೆಗೂ ಕೆಂಪು ಪರದೆ ಎಳೆದು, ಹಿಂಭಾಗಕ್ಕೆ ಬೀಗ ಹಾಕಬೇಕು. ಆಮೇಲೆ ರಾಜರೇ ಬೇಕೆನ್ನುವ ತನಕ ತೆರೆಯುವ ಹಾಗಿಲ್ಲ. ಕೊನೆಯ ಪ್ರವಾಸದಲ್ಲಿ ಈ ಖಾಲಿ ಕಾರಿನೊಳಗಿಂದ ಬಡಿತ ಕೇಳಿಸಿತಂತೆ. ಆಕ್ಸಲ್ ಸಡಿಲವಾಗಿರಬೇಕು, ಸುಮ್ಮನೆ ನಡೆ ಎಂದರಂತೆ ಮೇಲಿನವರು. ವಾಪಸು ಬಂದು ಬಿಚ್ಚಿ ನೋಡಿದರೆ ಆಕ್ಸಲ್ ಗಟ್ಟಿಯಾಗಿಯೇ ಇತ್ತು. ಅಂದಿನಿಂದ ಇದು ದೆವ್ವದ ಕಾರು.

ಅದನ್ನು ಓಡಿಸಿದವನು ಅವಳ ಅಪ್ಪ. ಎರಡೂ ಕಾರುಗಳ ಚರಿತ್ರೆ ಬರೆಯುವ ಕೆಲಸ ಈಗ ಅವಳದು. ಗ್ಯಾರೇಜಿನ ಹಿಂದಿನ ಮನೆಯಲ್ಲೇ ಬೆಳೆದವಳು. ಚಿಕ್ಕಂದಿನಿಂದ ಒಂದೇ ಕನಸು: ಕೆಂಪು ಬೆಳಕು, ಅಲುಗಾಡುವ ನೆಲ. ಕಾರುಗಳ ನಡುವೆ ಬೆಳೆದವಳಿಗೆ ಇನ್ನೆಂಥ ಕನಸು ಬಿದ್ದೀತು ಎಂದುಕೊಂಡು ಸುಮ್ಮನಾಗಿದ್ದಳು.

ಹೋದ ವರ್ಷ ಒಬ್ಬ ಮುದುಕಿ ಬಂದಿದ್ದಳು. ಟಿಕೆಟ್ ಕೊಂಡು, ಕಿರೀಟ ಕತ್ತಿಗಳ ಕಡೆ ತಿರುಗಿಯೂ ನೋಡದೆ, ನೇರ ಕಾರುಗಳ ಬಳಿ ಬಂದು ಚೀಲದಿಂದ ಒಂದು ಕೆಂಪು ಬೂಟು ತೆಗೆದಳು.

"ರಾಜರನ್ನ ನೋಡೋಕೆ ಹೋಗಿದ್ವಿ. ಆ ಗದ್ದಲದಲ್ಲಿ ಮಗು ಕೈ ಬಿಟ್ಟು ಹೋಯ್ತು. ಇನ್ನೂ ಸರಿಯಾಗಿ ಮಾತೂ ಬರ್ತಿರ್ಲಿಲ್ಲ ಅದಕ್ಕೆ. ಜನ ಕರಗಿದ ಮೇಲೆ ಚಕ್ರದ ಗುರುತಿನ ಪಕ್ಕ ಇದೊಂದೇ ಸಿಕ್ಕಿದ್ದು. ಮಗು ಮೇಲೆ ಗಾಡಿ ಹತ್ತಿಸಿ, ಯಾರಿಗೂ ಹೇಳದೆ ಎತ್ಕೊಂಡು ಹೋಗಿಬಿಟ್ರು. ಕೇಳೋಕೆ ಹೋದ್ರೆ ಗೇಟಲ್ಲೇ ಅಟ್ಟಿದ್ರು." ಬೂಟಿನ ಮೇಲೆ ಇಲ್ಲದ ಧೂಳನ್ನು ಒರೆಸಿದಳು. "ನಂಗೆ ಜಗಳ ಬೇಡ ತಾಯಿ. ಮಣ್ಣು ಎಲ್ಲಿ ಮಾಡಿದ್ರು ಅಂತ ಗೊತ್ತಾದ್ರೆ ಸಾಕು. ಒಂದು ಪತ್ರ ಹಾಕು."

ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆ ಕೊಟ್ಟು ಹೋದಳು. ಉತ್ತರ ಬರೆಯಬೇಕಾದರೆ ಅಪ್ಪನನ್ನು ಕೇಳಬೇಕು. ಕೇಳಲು ಬಾಯಿ ಬರಲಿಲ್ಲ. ಲಕೋಟೆ ಡ್ರಾಯರಿನಲ್ಲೇ ಉಳಿಯಿತು.

ಈಗ ಜೋಡಿ ಸಿಕ್ಕಿದೆ. ಚಕ್ರದಡಿಯಲ್ಲಲ್ಲ, ಕಾರಿನ ಒಳಗೆ.

ಮಂಡಿಯೂರಿ ಬಾಗಿಲಿನ ಒಳಮೈ ನೋಡಿದಳು. ಹಿಡಿಕೆ ತೀರಾ ಮೇಲಿತ್ತು. ಅದರ ಕೆಳಗೆ, ತೊಗಲಿನ ಮೇಲೆ, ಸಣ್ಣ ಸಣ್ಣ ಗೀರುಗಳು. ಉಗುರಿನವು. ಬೀಗ ಹಾಕಿದ ಕಾರು, ಎಳೆದ ಪರದೆ, ಬೇಸಿಗೆಯ ರಸ್ತೆ.

ಸಂಜೆ ಮನೆಗೆ ಹೋದಾಗ ಅಪ್ಪ ಕಿಟಕಿಯ ಬಳಿ ಕುಳಿತಿದ್ದ. ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಗೋಡೆಯ ಮೇಲೆ ಕಾರಿನ ಫೋಟೋ, ಸಮವಸ್ತ್ರದಲ್ಲಿ ಅವನ ಫೋಟೋ. ಅಮ್ಮನದಿಲ್ಲ; ಹೆರಿಗೆಯಲ್ಲೇ ಹೋದಳಂತೆ, ಫೋಟೋ ತೆಗೆಸಲು ಪುರುಸೊತ್ತು ಕೊಡಲಿಲ್ಲವಂತೆ.

"ಬೀಗ ಹಾಕಿದ್ಯಾ?"

"ಹಾಕ್ದೆ ಅಪ್ಪಾ."

"ಒಳಗೆ ಕೂಗಿದ್ಯಾ?"

"ಕೂಗ್ದೆ."

ಅದು ಅವನ ಕಾನೂನು. 'ಯಾರಿದ್ದೀರಾ?' ಎಂದು ಕಾರಿನೊಳಕ್ಕೆ ಕೂಗದೆ ಯಾರೂ ಬೀಗ ಹಾಕಬಾರದು. 'ಇದ್ದೀನಿ ಅಂತ ಉತ್ತರ ಬಂದ್ರೆ ಏನು ಮಾಡ್ಬೇಕು ಅಂತ ಮಾತ್ರ ನಿಮ್ಮಪ್ಪ ಹೇಳ್ಕೊಟ್ಟಿಲ್ಲ' ಎಂದು ಮೆಕ್ಯಾನಿಕ್ ನಗುತ್ತಿದ್ದ.

ಅವಳು ಬೂಟನ್ನು ಅಪ್ಪನ ಅಂಗೈಯಲ್ಲಿಟ್ಟಳು. ಬೆರಳುಗಳು ತಡವಿದವು. ನಿಂತವು.

"ಇದನ್ನ ಎಷ್ಟು ಹುಡುಕಿದ್ದೆ."

"ಯಾಕಪ್ಪಾ?"

"ಸಿಕ್ಕಿದ್ರೆ ಅಳು ನಿಲ್ಲೋದು. ಎಷ್ಟೋ ತಿಂಗಳು ನಿದ್ದೆ ಮಾಡೋಕೆ ಬಿಡ್ಲಿಲ್ಲ ಆ ಅಳು."

"ಯಾರ ಅಳು?"

ಅವನು ಕುರ್ಚಿಯಿಂದ ಬಗ್ಗಿ, ತಡಕಾಡಿ, ಅವಳ ಪಾದ ಹಿಡಿದ. ಅಪ್ಪ ಮಗಳ ಕಾಲು ಹಿಡಿಯುವುದೆಂದರೇನು! ಆದರೂ ಅವಳು ಹಿಂದೆ ಸರಿಯಲಿಲ್ಲ. ಅಳತೆ ನೋಡುವವನಂತೆ ಆ ಕೈ ಬಹಳ ಹೊತ್ತು ಅಲ್ಲೇ ಇತ್ತು.

"ಎಷ್ಟು ಊರು ದಾಟಿದ್ವೋ. ಯಾವ ಊರಲ್ಲಿ ಹೋಗಿ ಕೇಳ್ಲಿ? ಬಾಯಿ ಬಿಟ್ಟಿದ್ರೆ ಕೆಲಸ ಹೋಗ್ತಿತ್ತು. ಮೊದಮೊದಲು ಭಯ. ಆಮೇಲಾಮೇಲೆ... ಬಿಟ್ಟುಕೊಡೋಕೆ ಮನಸ್ಸೇ ಬರ್ಲಿಲ್ಲ."

ಅವಳು ಮುದುಕಿಯ ವಿಷಯ ಹೇಳಿದಳು. ಲಕೋಟೆಯ ವಿಷಯವನ್ನೂ. ಅವನು ಬೂಟನ್ನು ಅವಳ ಕೈಗೆ ವಾಪಸು ಕೊಟ್ಟ.

"ಬರಿ. ನನ್ನ ಹೆಸರೂ ಹಾಕು." ಆಮೇಲೆ ಸಣ್ಣ ದನಿಯಲ್ಲಿ, "ಬರೆದ ಮೇಲೂ ಸಂಜೆ ಹೊತ್ತು ಬೀಗ ಹಾಕೋಕೆ ಬರ್ತೀಯಾ?"

ಅವಳು ಅವನ ಮಂಡಿಯ ಮೇಲೆ ಕಂಬಳಿ ಎಳೆದಳು.

ಬೆಳಿಗ್ಗೆ ಡ್ರಾಯರ್ ತೆಗೆದಳು. ವರ್ಷವಿಡೀ ಬರೆಯಲಾಗದ ಪತ್ರ ಒಂದೇ ಉಸಿರಿನಲ್ಲಿ ಮುಗಿಯಿತು. ಲಕೋಟೆಯ ಅಂಟು ಒಣಗಿತ್ತು. ಗೋಂದು ಹಚ್ಚಿ ಒತ್ತಿದಳು. ಬೀದಿಯ ಕೊನೆಯ ಅಂಚೆ ಡಬ್ಬಿಗೆ ಹಾಕಿ, ಅದು ತಳಕ್ಕೆ ಬಿದ್ದ ಸದ್ದು ಕೇಳುವ ತನಕ ನಿಂತಳು. ಅದರಲ್ಲಿ ಹೂತ ಜಾಗದ ಗುರುತಿರಲಿಲ್ಲ. ಅಪ್ಪನ ಹೆಸರಿನ ಕೆಳಗೆ ಇದ್ದದ್ದು ಇಷ್ಟೇ:

"ಅಮ್ಮಾ, ಮಣ್ಣು ಹುಡುಕಬೇಡ. ಇನ್ನೊಂದು ಬೂಟು ಸಿಕ್ಕಿತು. ಹಾಕಿಕೊಂಡಿದ್ದವಳು ಇದ್ದೀನಿ."