ಗೋಡೆಗೆ ತಿರುಗಿಸಿಟ್ಟ ಮುಖ

ಗೋಡೆಗೆ ತಿರುಗಿಸಿಟ್ಟಿದ್ದ ಚಿತ್ರವನ್ನು, ಕಸ ಗುಡಿಸಲು ಬಂದ ಶೋಭಾರಾಣಿ ಈಚೆಗೆ ತಿರುಗಿಸಿಯೇಬಿಟ್ಟರು. ಮಗಳು ಶಿರೀಷಾಳ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು.

ಸಾದಲಿಯ ಆ ಮನೆಯ ಮಹಡಿಯಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದರು. ಈಗ ಅಲ್ಲಿ ಶಿರೀಷಾ ಹಳೇ ಕ್ಯಾಲೆಂಡರು, ಲಗ್ನಪತ್ರಿಕೆ, ರೇಷ್ಮೆಗೂಡಿನ ಚೂರುಗಳನ್ನೆಲ್ಲ ಅಂಟಿಸಿ ಮನೆಮಂದಿಯ ಮುಖಗಳನ್ನು ಮಾಡುತ್ತಿದ್ದಳು. ಅಜ್ಜಿ, ಅಪ್ಪ, ಅಮ್ಮ ಎಲ್ಲರೂ ತಯಾರಾಗಿದ್ದರು. ನಾಳೆ ಚಿಕ್ಕಬಳ್ಳಾಪುರದಲ್ಲಿ ಪ್ರದರ್ಶನ. ಈಗ ಈಚೆ ತಿರುಗಿದ ಚಿತ್ರದಲ್ಲಿದ್ದ ಹೆಂಗಸನ್ನು ಮಾತ್ರ ಆ ಮನೆಯಲ್ಲಿ ಯಾರೂ ಕಂಡವರಲ್ಲ.

“ಯಾರೇ ಇವ್ರು?” ಎಂದರು ಶೋಭಾರಾಣಿ.

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. “ನನ್ನ ಹೆತ್ತೋರು,” ಎಂದಳು ಶಿರೀಷಾ. “ಅಂದ್ರೆ, ಹೀಗಿರ್ಬೋದು ಅಂತ. ನನ್ನ ಫೋಟೋಗಳನ್ನೇ ಕತ್ತರಿಸಿ ವಯಸ್ಸು ಕೂಡ್ಸಿದೀನಿ. ಇದನ್ನ ಪ್ರದರ್ಶನಕ್ಕೆ ತೊಗೊಂಡ್ಹೋಗಲ್ಲಮ್ಮ.”

ಹಸುಗೂಸಾಗಿದ್ದಾಗಲೇ ಅವಳನ್ನು ದತ್ತು ತಂದದ್ದು ಊರಿಗೆಲ್ಲ ಗೊತ್ತಿತ್ತು. ಆದರೆ ಹೆತ್ತವಳ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಅಮ್ಮ ನೊಂದುಕೊಂಡಾಳೆಂದು ಶಿರೀಷಾಳೂ ಕೇಳಿರಲಿಲ್ಲ.

ಶೋಭಾರಾಣಿ ಪೊರಕೆಯನ್ನು ಮೂಲೆಗಿಟ್ಟು ಕೆಳಗಿಳಿದು ಹೋದರು. ಎದೆಗವಚಿಕೊಂಡು ಸಾಕಿದವಳ ಮುಂದೆ ಇನ್ನೊಬ್ಬಳನ್ನು ತಂದು ನಿಲ್ಲಿಸಿದೆನಲ್ಲ ಎಂದುಕೊಂಡು ಶಿರೀಷಾ ಚಿತ್ರವನ್ನು ಮತ್ತೆ ಗೋಡೆಗೆ ತಿರುಗಿಸಹೊರಟಳು.

“ಇರ್ಲಿ ಬಿಡೇ.” ಅಮ್ಮ ಬಾಗಿಲಲ್ಲಿದ್ದರು. ಕೈಯಲ್ಲಿ ಅವರ ಧಾರೆ ಸೀರೆ. “ನಾನೂ ಅವಳನ್ನ ಕಂಡಿಲ್ಲ ಕಣೇ. ನಿನ್ನ ಮಲಗ್ಸುವಾಗೆಲ್ಲ ನಿನ್ನ ಮುಖ ನೋಡಿ, ಅವಳು ಹೀಗಿರ್ಬೇಕು, ಹಾಗಿರ್ಬೇಕು ಅಂದ್ಕೋತಿದ್ದೆ. ಗಲ್ಲ ಸರಿಯಾಗಿ ಬಂದಿದೆ. ಹೆಗಲ ಮೇಲೆ ಮಾತ್ರ ಬರೀ ಪೇಪರು. ಕೊಡಿಲ್ಲಿ ಕತ್ತರಿ.”

“ಅಮ್ಮಾ, ಅದು ನಿನ್ನ ಧಾರೆ ಸೀರೆ!”

“ಗೊತ್ತು.”

ಜರಿ ಅಂಚು ಸುಲಭಕ್ಕೆ ಬಗ್ಗಲಿಲ್ಲ. ಶೋಭಾರಾಣಿ ಹಲ್ಲು ಕಚ್ಚಿ ಸೆರಗಿನ ತುಂಡೊಂದನ್ನು ಕತ್ತರಿಸಿ ತೆಗೆದರು. ಗೋಂದು ಹಚ್ಚಿ, ಆ ಹೆಂಗಸಿನ ಹೆಗಲಿಗೆ ಹೊದಿಸಿ, ಸುಕ್ಕು ಹೋಗುವ ತನಕ ಅಂಗೈಯಿಂದ ಮೆಲ್ಲಗೆ ಸವರಿದರು. ಆಮೇಲೂ ಕೈ ತೆಗೆಯಲಿಲ್ಲ.

“ನಾಳೆ ಇವಳನ್ನ ನನ್ನ ಪಕ್ಕದಲ್ಲೇ ಹಾಕು,” ಎಂದರು. ಶಿರೀಷಾಳಿಗೆ ಅಳು ತಡೆಯಲಾಗಲಿಲ್ಲ. ಶೋಭಾರಾಣಿ ಚಿತ್ರವನ್ನೇ ನೋಡುತ್ತಿದ್ದರು.

“ನನಗಿಂತ ದೊಡ್ಡೋಳೋ ಚಿಕ್ಕೋಳೋ, ಅದೂ ಗೊತ್ತಿಲ್ವಲ್ಲೇ. ಅಕ್ಕ ಅನ್ನಲಾ, ತಂಗಿ ಅನ್ನಲಾ?”